ಭಟಿಯಾರಖಾನೆಯ ಗುಡ್‌ವಿಲ್

ಮುಂಬೈಯ ಗೇಟ್‌ವೇ ಆಫ್ ಇಂಡಿಯಾದ ಚಿತ್ರವನ್ನು ನಾವೆಲ್ಲರೂ ಒಮ್ಮೆಯಾದರೂ ನೋಡಿದ್ದೇವೆ. ಅದರ ಎದುರಿಗೆ ಕೆಂಪು ಗುಮ್ಮಟ ಹೊತ್ತು ನಿಂತಿರುವ ದೊಡ್ಡ ಕಟ್ಟಡವೇ ತಾಜ್ ಮಹಲ್ ಪ್ಯಾಲೇಸ್ ಹೋಟೆಲ್. ಮೊದಲು ಗೇಟ್‌ವೇ ಬಂತು, ಅದನ್ನು ನೋಡಲು ಬರುವ ದೊಡ್ಡವರಿಗಾಗಿ ಆಮೇಲೆ ಹೋಟೆಲ್ ಬಂತು ಎಂದು ಬಹಳ ಜನ ತಿಳಿದಿದ್ದಾರೆ. ನಡೆದದ್ದು ತಿರುಗುಮುರುಗು. ಹೋಟೆಲ್ ಬಾಗಿಲು ತೆರೆದದ್ದು 1903ರ ಡಿಸೆಂಬರ್ 16ರಂದು. ಗೇಟ್‌ವೇ ಉದ್ಘಾಟನೆಯಾದದ್ದು 1924ರ ಡಿಸೆಂಬರ್ 4ರಂದು. ಐದನೇ ಜಾರ್ಜ್ ದೊರೆ 1911ರಲ್ಲಿ ಹಡಗಿನಿಂದ ಇಳಿದಾಗ ಅಲ್ಲಿ ಕಲ್ಲಿನ ಕಮಾನು ಇರಲಿಲ್ಲ, ಆದರೆ ಹೋಟೆಲ್ ಆಗಲೇ ಎಂಟು ವರ್ಷ ಹಳೆಯದಾಗಿತ್ತು.

ಈ ಹೋಟೆಲಿನ ಇತಿಹಾಸವನ್ನು ನಾನು ಓದಲು ಎರಡು ಕಾರಣಗಳಿವೆ. ಒಂದು, ಸೆಕೆಂಡ್ ಪಿಯುಸಿ ಅಕೌಂಟೆನ್ಸಿಯಲ್ಲಿ ಬರುವ ಗುಡ್‌ವಿಲ್ ಎಂಬ ಪಾಠ. ಇನ್ನೊಂದು, ಈ ಹೋಟೆಲ್ ಹುಟ್ಟುವ ಮೊದಲೇ ಅದಕ್ಕೆ ಬಿದ್ದ ಒಂದು ಬೈಗುಳ. ಆ ಬೈಗುಳ ನಮ್ಮ ಮನೆಯಲ್ಲೂ ಬಳಕೆಯಲ್ಲಿದೆ.

ಅಕ್ಕ-ತಂಗಿಯರ ಮಾತು

ತಾಜ್ ಕಟ್ಟಿಸಿದವರು ಜಮ್‌ಶೆಡ್‌ಜಿ ಟಾಟಾ. 1839ರಲ್ಲಿ ಗುಜರಾತಿನ ನವ್‌ಸಾರಿಯಲ್ಲಿ ಹುಟ್ಟಿದ ಪಾರ್ಸಿ ವ್ಯಾಪಾರಿ. 1877ರಲ್ಲಿ ನಾಗಪುರದಲ್ಲಿ ಎಂಪ್ರೆಸ್ ಮಿಲ್ ಆರಂಭಿಸಿ ಬಟ್ಟೆ ಉದ್ಯಮದಲ್ಲಿ ಹೆಸರು ಮಾಡಿದ್ದರು. ಅವರ ತಲೆಯಲ್ಲಿ ನಾಲ್ಕು ದೊಡ್ಡ ಯೋಜನೆಗಳಿದ್ದವು: ಉಕ್ಕಿನ ಕಾರ್ಖಾನೆ, ನೀರಿನಿಂದ ವಿದ್ಯುತ್, ವಿಜ್ಞಾನದ ಉನ್ನತ ಸಂಸ್ಥೆ ಮತ್ತು ಒಂದು ಹೋಟೆಲ್. ಮೊದಲಿನ ಮೂರಕ್ಕೆ ಮನೆಯವರ ತಕರಾರಿರಲಿಲ್ಲ. ಹೋಟೆಲ್ ಎಂದಾಗ ಮಾತ್ರ ಅವರ ಅಕ್ಕ-ತಂಗಿಯರಲ್ಲಿ ಒಬ್ಬರು, ಬೆಂಗಳೂರಿನಲ್ಲಿ ವಿಜ್ಞಾನ ಸಂಸ್ಥೆ ಮಾಡುವವನು, ಉಕ್ಕಿನ ಕಾರ್ಖಾನೆ ಕಟ್ಟುವವನು ಈಗ ಭಟಾರಖಾನೆ ಇಡಲು ಹೊರಟನಲ್ಲ ಎಂದು ಗುಜರಾತಿಯಲ್ಲಿ ಹಂಗಿಸಿದರಂತೆ. ಅವರ ಜೀವನ ಚರಿತ್ರೆ ಬರೆದವರು ಹೇಳುವ ಕಥೆ ಇದು.

ಈ ಪದದ ಅರ್ಥ ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಉರ್ದುವಿನಲ್ಲಿ ಅದು ಭಟಿಯಾರಖಾನಾ. ಹಿಂದಿನ ಕಾಲದ ಮುಸಾಫಿರ್‌ಖಾನೆಗಳಲ್ಲಿ ದಾರಿಹೋಕರಿಗೆ ಒಲೆ ಹೊತ್ತಿಸಿ ಅಡುಗೆ ಮಾಡಿ ಬಡಿಸುತ್ತಿದ್ದವನು ಭಟಿಯಾರ. ನಾವು ಮಕ್ಕಳೆಲ್ಲ ಸೇರಿ ಗಲಾಟೆ ಮಾಡಿದರೆ ನಮ್ಮ ದಾದಿ ಇಂದಿಗೂ "ಘರ್ ಹೈ ಕಿ ಭಟಿಯಾರ್‌ಖಾನಾ?" ಎಂದು ಗದರುತ್ತಾರೆ. ಇದು ಮನೆಯೋ, ಕಂಡಕಂಡವರು ಬಂದು ಉಂಡು ಹೋಗುವ ಜಾಗವೋ ಎಂದು ಅರ್ಥ. ಹಸಿದವನಿಗೆ ಅನ್ನ ಹಾಕುತ್ತಿದ್ದವನ ಹೆಸರು ಹೇಗೆ ಬೈಗುಳವಾಯಿತು ಎಂಬುದು ಯೋಚಿಸಬೇಕಾದ ವಿಷಯ.

ಹೋಟೆಲ್ ಏಕೆ ಬೇಕಾಯಿತು?

ಈ ಬಗ್ಗೆ ಒಂದು ಪ್ರಸಿದ್ಧ ಕಥೆ ಇದೆ. ಆಗ ಬಾಂಬೆಯಲ್ಲಿ ವಾಟ್ಸನ್ಸ್ ಎಂಬ ದೊಡ್ಡ ಹೋಟೆಲ್ ಇತ್ತು. 1896ರ ಜುಲೈ 7ರಂದು ಭಾರತದಲ್ಲಿ ಮೊದಲ ಬಾರಿಗೆ ಚಲನಚಿತ್ರ ಪ್ರದರ್ಶನ ನಡೆದದ್ದು ಅಲ್ಲೇ. ಭಾರತೀಯರಿಗೆ ಪ್ರವೇಶವಿಲ್ಲ ಎಂದು ಆ ಹೋಟೆಲಿನವರು ಟಾಟಾ ಅವರನ್ನು ಬಾಗಿಲಲ್ಲೇ ತಡೆದರು, ಆ ಸಿಟ್ಟಿಗೆ ಅವರು ತಾಜ್ ಕಟ್ಟಿದರು ಎನ್ನುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಇದಕ್ಕೆ ಗಟ್ಟಿ ಆಧಾರವಿಲ್ಲ ಎಂದು ಇತಿಹಾಸಕಾರರು ಸಂದೇಹ ಪಡುತ್ತಾರೆ.

ಇನ್ನೊಂದು ಕಾರಣ ಹೆಚ್ಚು ನಂಬುವಂತಿದೆ. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಯೂರೋಪಿನ ಹಡಗುಗಳಿಗೆ ಬಾಂಬೆ ಭಾರತದ ಹೆಬ್ಬಾಗಿಲಾಯಿತು. ಆದರೆ 1896ರಲ್ಲಿ ನಗರಕ್ಕೆ ಪ್ಲೇಗ್ ಬಂತು. ಸಾವಿರಾರು ಜನ ಸತ್ತರು, ಲಕ್ಷಗಟ್ಟಲೆ ಜನ ಊರು ಬಿಟ್ಟರು, ವ್ಯಾಪಾರ ಕುಸಿಯಿತು. ಆಗ ಟೈಮ್ಸ್ ಆಫ್ ಇಂಡಿಯಾದಲ್ಲಿದ್ದ, ಟಾಟಾ ಅವರ ಗೆಳೆಯ ಲೊವಾಟ್ ಫ್ರೇಸರ್ ಬರೆದಿರುವಂತೆ, ಹೋಟೆಲ್ ಒಡೆಯನಾಗುವ ಆಸೆ ಟಾಟಾ ಅವರಿಗೆ ಇರಲಿಲ್ಲ. ಹೊರಗಿನವರು ಭಾರತಕ್ಕೆ ಬರಬೇಕು, ಬಾಂಬೆ ಸುಧಾರಿಸಬೇಕು ಎಂಬುದೇ ಉದ್ದೇಶವಾಗಿತ್ತು. ಕಷ್ಟ ಕಾಲದಲ್ಲಿ ಎಲ್ಲರೂ ಹಣ ಹೊರತೆಗೆಯುತ್ತಿದ್ದಾಗ ಇವರು ಹಣ ಹಾಕಿದರು.

ಕಟ್ಟಿದವರು ಯಾರು?

ನಕ್ಷೆ ಮಾಡಿದವರು ಇಬ್ಬರು ಭಾರತೀಯರು: ಸೀತಾರಾಮ್ ಖಂಡೇರಾವ್ ವೈದ್ಯ ಮತ್ತು ಡಿ. ಎನ್. ಮಿರ್ಜಾ. ಕೆಲಸ ಮುಗಿಯುವ ಮೊದಲೇ ವೈದ್ಯ ತೀರಿಕೊಂಡರು. ಡಬ್ಲ್ಯು. ಎ. ಚೇಂಬರ್ಸ್ ಎಂಬ ಇಂಗ್ಲಿಷ್ ಎಂಜಿನಿಯರ್ ಅದನ್ನು ಪೂರ್ತಿ ಮಾಡಿದರು. ಕಟ್ಟುವ ಗುತ್ತಿಗೆ ಖಾನ್ ಸಾಹೇಬ್ ಸೊರಾಬ್ಜಿ ರತನ್‌ಜಿ ಕಂಟ್ರಾಕ್ಟರ್ ಅವರದು. ಕಂಟ್ರಾಕ್ಟರ್ ಎಂಬುದು ಅವರ ಅಡ್ಡಹೆಸರೂ ಹೌದು, ಕಸುಬೂ ಹೌದು. ಹೋಟೆಲಿನ ನಡುವೆ ಗಾಳಿಯಲ್ಲಿ ತೇಲುವಂತೆ ಕಾಣುವ ಪ್ರಸಿದ್ಧ ಮೆಟ್ಟಿಲು ಅವರ ಕೈಚಳಕ ಎನ್ನುತ್ತಾರೆ.

ಇಲ್ಲೂ ಒಂದು ಕಟ್ಟುಕಥೆ ಇದೆ. ಕಟ್ಟಡದ ಮುಂಭಾಗ ಸಮುದ್ರದ ಕಡೆ ಬರಬೇಕಿತ್ತು, ಕೆಲಸಗಾರರು ನಕ್ಷೆಯನ್ನು ತಿರುಗಿಸಿ ಹಿಡಿದು ಹಿಂದುಮುಂದಾಗಿ ಕಟ್ಟಿಬಿಟ್ಟರು, ಅದನ್ನು ನೋಡಿ ವಾಸ್ತುಶಿಲ್ಪಿ ಪ್ರಾಣ ಬಿಟ್ಟ ಎಂದು ಹೇಳುವವರಿದ್ದಾರೆ. ಇದು ಸುಳ್ಳು. ಆಗ ಅತಿಥಿಗಳು ಕುದುರೆ ಗಾಡಿಯಲ್ಲಿ ಊರಿನ ಕಡೆಯಿಂದ ಬರುತ್ತಿದ್ದರು, ಆದ್ದರಿಂದ ಬಾಗಿಲು ಆ ಕಡೆ ಇತ್ತು. ಸಮುದ್ರದ ಕಡೆಯ ಜಾಗವನ್ನು ರೂಮುಗಳಿಗೆ ಬಿಟ್ಟಿದ್ದರು. ಗಾಳಿಯೂ ನೋಟವೂ ಹಣ ಕೊಡುವ ಅತಿಥಿಗೆ ಸಿಗಬೇಕಲ್ಲವೇ? ಇದು ಒಳ್ಳೆಯ ವ್ಯಾಪಾರಿ ಲೆಕ್ಕ.

ಖರ್ಚು ಸುಮಾರು 2.5 ಲಕ್ಷ ಪೌಂಡ್ ಆಯಿತು ಎಂದು ಹೇಳಲಾಗುತ್ತದೆ. ಟಾಟಾ ತಾವೇ ಯೂರೋಪಿಗೆ ಹೋಗಿ ಸಾಮಾನು ಆರಿಸಿದರು. ಬಾಂಬೆಯಲ್ಲಿ ವಿದ್ಯುತ್ ದೀಪ ಬೆಳಗಿದ ಮೊದಲ ಕಟ್ಟಡಗಳಲ್ಲಿ ಇದು ಸೇರಿದೆ. ಜರ್ಮನಿಯ ಲಿಫ್ಟ್, ಅಮೆರಿಕದ ಫ್ಯಾನ್, ಟರ್ಕಿಶ್ ಹಮಾಮ್ ಎಲ್ಲವೂ ಇದ್ದವು. ಇಷ್ಟೆಲ್ಲ ಮಾಡಿ ತೆರೆದಾಗ ಮೊದಲ ದಿನ ಬಂದ ಅತಿಥಿಗಳು ಬರೀ 17 ಜನ ಎಂದು ಹೋಟೆಲಿನ ಇತಿಹಾಸ ಹೇಳುತ್ತದೆ.

ಹೋಟೆಲ್ ತೆರೆದ ಐದು ತಿಂಗಳಿಗೆ, 1904ರ ಮೇ 19ರಂದು, ಜಮ್‌ಶೆಡ್‌ಜಿ ಜರ್ಮನಿಯಲ್ಲಿ ತೀರಿಕೊಂಡರು. ಅವರ ನಾಲ್ಕು ಯೋಜನೆಗಳಲ್ಲಿ ಅವರು ಕಣ್ಣಾರೆ ಕಂಡದ್ದು ಹೋಟೆಲ್ ಒಂದನ್ನೇ. ಉಕ್ಕಿನ ಕಂಪನಿ 1907ರಲ್ಲಿ ಆಯಿತು. ಮೈಸೂರು ಸಂಸ್ಥಾನ ಕೊಟ್ಟ ಸುಮಾರು 371 ಎಕರೆ ಜಾಗದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ 1909ರಲ್ಲಿ ಸ್ಥಾಪನೆಯಾಯಿತು. ಬೆಂಗಳೂರಿನ ಹಳಬರು ಇಂದಿಗೂ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ. ವಿದ್ಯುತ್ 1915ರಲ್ಲಿ ಬಂತು. ಮನೆಯವರು ಹಂಗಿಸಿದ ಭಟಾರಖಾನೆ ಮಾತ್ರ ಎಲ್ಲಕ್ಕಿಂತ ಮೊದಲು ಎದ್ದು ನಿಂತಿತು.

ರೂಮು ಹಾಲಿನಂತೆ

ಹೋಟೆಲ್ ವ್ಯಾಪಾರ ಬೇರೆ ವ್ಯಾಪಾರದಂತಲ್ಲ. ಬಟ್ಟೆ ಅಂಗಡಿಯಲ್ಲಿ ಇವತ್ತು ಮಾರಾಟವಾಗದ ಸೀರೆ ನಾಳೆ ಮಾರಾಟವಾಗಬಹುದು. ಹೋಟೆಲಿನಲ್ಲಿ ಇವತ್ತು ರಾತ್ರಿ ಖಾಲಿ ಉಳಿದ ರೂಮನ್ನು ನಾಳೆ ಮಾರಲು ಬರುವುದಿಲ್ಲ. ಆ ರಾತ್ರಿ ಹೋಯಿತು, ಆದಾಯವೂ ಹೋಯಿತು. ಅದು ಹಾಲಿಗಿಂತ ಬೇಗ ಕೆಡುವ ಸರಕು.

ಒಂದು ಲೆಕ್ಕ ಮಾಡೋಣ. ಒಂದು ಹೋಟೆಲಿನಲ್ಲಿ 100 ರೂಮುಗಳಿವೆ ಎಂದುಕೊಳ್ಳಿ. ಇವತ್ತು 60 ರೂಮು ತುಂಬಿವೆ, ಒಂದಕ್ಕೆ 5,000 ರೂಪಾಯಿ. ಒಟ್ಟು 3 ಲಕ್ಷ. ಇದನ್ನು ತುಂಬಿದ 60ರಿಂದ ಭಾಗಿಸದೆ ಇರುವ 100ರಿಂದ ಭಾಗಿಸುತ್ತಾರೆ. ಆಗ ಒಂದು ರೂಮಿನ ಗಳಿಕೆ 3,000 ರೂಪಾಯಿ. ಹೋಟೆಲ್ ಕಂಪನಿಗಳ ವರದಿಗಳಲ್ಲಿ ಎಲ್ಲರೂ ಮೊದಲು ನೋಡುವ ಸಂಖ್ಯೆ ಇದು. ರೂಮು ತುಂಬಿದರೂ ಬಿಟ್ಟರೂ ಲಿಫ್ಟ್, ದೀಪ, ರಿಪೇರಿ, ಸಂಬಳ ಇವುಗಳ ಖರ್ಚು ನಿಲ್ಲುವುದಿಲ್ಲ. ನಾವು ಓದುವ ಸ್ಥಿರ ವೆಚ್ಚಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಯುದ್ಧ, ರೋಗ, ಗಲಭೆ ಏನೇ ಬಂದರೂ ಮೊದಲು ಖಾಲಿಯಾಗುವುದು ಹೋಟೆಲ್.

ತಾಜ್ ಇಂಥ ಕಾಲಗಳನ್ನು ಹಲವು ಬಾರಿ ಕಂಡಿದೆ. ಮೊದಲ ಮಹಾಯುದ್ಧದಲ್ಲಿ ಅದು 600 ಹಾಸಿಗೆಗಳ ಆಸ್ಪತ್ರೆಯಾಯಿತು. 1970ರ ದಶಕದಲ್ಲಿ ಹಳೆಯ ಕಟ್ಟಡದ ಪಕ್ಕ ಟವರ್ ಎದ್ದಿತು. ಅದೇ ದಶಕದಲ್ಲಿ ಕಂಪನಿ ಮುಂಬೈ ಬಿಟ್ಟು ಹೊರಗೆ ಹೊರಟಿತು. ಜೈಪುರ, ಉದಯಪುರದ ಅರಮನೆ ಹೋಟೆಲ್‌ಗಳು ಅದರ ಕೈಗೆ ಬಂದವು. 1887ರಲ್ಲಿ ಬ್ರಾನ್ಸನ್ ಎಂಬ ಮಹಿಳೆ ಕೆಲವೇ ರೂಮುಗಳಿಂದ ಆರಂಭಿಸಿದ್ದ ಬೆಂಗಳೂರಿನ ವೆಸ್ಟ್ ಎಂಡ್ 1984ರಲ್ಲಿ ತಾಜ್ ಕೈಗೆ ಬಂತು. 2004ರಲ್ಲಿ ಇದೇ ಕಂಪನಿ ಸಾಮಾನ್ಯರಿಗಾಗಿ ಕಡಿಮೆ ದರದ ಹೋಟೆಲ್ ತೆರೆದದ್ದು ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ. ಈಗ ಅದರ ಹೆಸರು ಜಿಂಜರ್.

ಮೂರು ರಾತ್ರಿಗಳು

2008ರ ನವೆಂಬರ್ 26ರಂದು ನಮ್ಮ ಬ್ಯಾಚಿನವರು ತೊಟ್ಟಿಲಲ್ಲಿದ್ದೆವು, ಇಲ್ಲವೇ ಹುಟ್ಟಿರಲಿಲ್ಲ. ಆ ರಾತ್ರಿ ಭಯೋತ್ಪಾದಕರು ಮುಂಬೈಯ ರೈಲ್ವೆ ನಿಲ್ದಾಣ, ಆಸ್ಪತ್ರೆ, ಹೋಟೆಲ್‌ಗಳ ಮೇಲೆ ದಾಳಿ ಮಾಡಿದರು. ತಾಜ್‌ನಲ್ಲಿ ಕಾಳಗ ಮುಗಿದದ್ದು 29ರ ಬೆಳಿಗ್ಗೆ. ಗುಮ್ಮಟದ ಕೆಳಗೆ ಬೆಂಕಿ ಉರಿಯುವ ಚಿತ್ರ ಇಡೀ ಜಗತ್ತು ನೋಡಿತು.

ಒಳಗೆ ಏನಾಯಿತು ಎಂಬುದನ್ನು ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ರೋಹಿತ್ ದೇಶಪಾಂಡೆ ಮತ್ತು ಅಂಜಲಿ ರೈನಾ ಅಧ್ಯಯನ ಮಾಡಿ 2011ರಲ್ಲಿ ಬರೆದರು. 1,200ರಿಂದ 1,500 ಅತಿಥಿಗಳು ಪಾರಾದರು. ಸತ್ತವರಲ್ಲಿ ಮೂರನೇ ಒಂದು ಭಾಗ, ಅಂದರೆ 11 ಜನ, ಹೋಟೆಲಿನ ಕೆಲಸಗಾರರು. ಹಿಂಬಾಗಿಲು ಎಲ್ಲಿದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಓಡಿದ್ದರೆ ಮೊದಲು ಅವರೇ ಬದುಕುತ್ತಿದ್ದರು. ಓಡಲಿಲ್ಲ. ಒಂದು ಔತಣಕೂಟದ ಹೊಣೆ ಹೊತ್ತಿದ್ದ 24 ವರ್ಷದ ಯುವತಿ ಬಾಗಿಲು ಹಾಕಿಸಿ, ದೀಪ ಆರಿಸಿ, ಅತಿಥಿಗಳನ್ನು ಮೇಜಿನ ಕೆಳಗೆ ಮಲಗಿಸಿ ರಾತ್ರಿಯಿಡೀ ಕಾದರು. ಗಂಡ ಹೆಂಡತಿ ಬೇರೆ ಬೇರೆ ಕಡೆ ಇರಲಿ, ಒಬ್ಬರಾದರೂ ಮನೆಗೆ ಉಳಿಯಲಿ ಎಂದು ಅವರನ್ನು ಬೇರೆ ಬೇರೆ ಕೂರಿಸಿದರು. ಹೊರಗೆ ಸುರಕ್ಷಿತ ಜಾಗಕ್ಕೆ ಹೋಗಿದ್ದ ಟೆಲಿಫೋನ್ ಆಪರೇಟರ್‌ಗಳು ರೂಮುಗಳಲ್ಲಿದ್ದ ಅತಿಥಿಗಳಿಗೆ ಫೋನ್ ಮಾಡಿ ಎಚ್ಚರಿಸಲು ತಮ್ಮ ಜಾಗಕ್ಕೆ ಹಿಂತಿರುಗಿದರು. ಅಡುಗೆಮನೆಯವರು ಅತಿಥಿಗಳ ಸುತ್ತ ಗೋಡೆಯಂತೆ ನಿಂತು ಹೊರಗೆ ಕಳಿಸಿದರು. ಜನರಲ್ ಮ್ಯಾನೇಜರ್ ಕರಂಬೀರ್ ಕಾಂಗ್ ಅವರ ಹೆಂಡತಿ ಮತ್ತು ಇಬ್ಬರು ಮಕ್ಕಳು ಹೋಟೆಲಿನ ಮೇಲಿನ ಮಹಡಿಯಲ್ಲೇ ಸತ್ತರು. ಅವರು ಕೆಲಸ ಬಿಟ್ಟು ಹೋಗಲಿಲ್ಲ.

ಇನ್ನೊಂದು ವಿಷಯವನ್ನೂ ನಮ್ಮ ಕಾಲೇಜಿನಲ್ಲಿ ನೆನಪಿಸಬೇಕು. ದಾಳಿಯಲ್ಲಿ ಸತ್ತವರಲ್ಲಿ ಮುಸ್ಲಿಮರೂ ಇದ್ದರು. ದಾಳಿ ಮಾಡಿ ಸತ್ತ ಒಂಬತ್ತು ಜನರನ್ನು ಹೂಳಲು ಮುಂಬೈಯ ಬಡಾ ಕಬರಸ್ತಾನದಲ್ಲಿ ಜಾಗ ಕೊಡುವುದಿಲ್ಲ ಎಂದು ಅದನ್ನು ನೋಡಿಕೊಳ್ಳುವ ಜಾಮಾ ಮಸೀದಿ ಟ್ರಸ್ಟ್ ಹೇಳಿತು. ಮೃತನನ್ನು ಮಣ್ಣಿಗೆ ಸೇರಿಸುವುದು ಎಷ್ಟು ದೊಡ್ಡ ಕರ್ತವ್ಯ ಎಂದು ಬಲ್ಲವರಿಗೆ ಆ ನಿರಾಕರಣೆಯ ತೂಕ ಗೊತ್ತಾಗುತ್ತದೆ.

ಟವರ್ ಭಾಗ ಒಂದು ತಿಂಗಳೊಳಗೆ, ಡಿಸೆಂಬರ್ 21ರಂದು, ಮತ್ತೆ ತೆರೆಯಿತು. ಸುಟ್ಟ ಹಳೆಯ ಕಟ್ಟಡ ದುರಸ್ತಿಯಾಗಿ 2010ರ ಆಗಸ್ಟ್ 15ರಂದು ತೆರೆಯಿತು.

ಲೆಕ್ಕದ ಪುಸ್ತಕದಲ್ಲಿ ಇಲ್ಲದ ಆಸ್ತಿ

ಈಗ ಗುಡ್‌ವಿಲ್‌ಗೆ ಬರೋಣ. ಒಂದು ವ್ಯಾಪಾರಕ್ಕೆ ಜನರಲ್ಲಿ ಇರುವ ಒಳ್ಳೆಯ ಹೆಸರಿನಿಂದ ಹೆಚ್ಚಾಗಿ ಬರುವ ಲಾಭಕ್ಕೆ ಕಟ್ಟುವ ಬೆಲೆಯೇ ಗುಡ್‌ವಿಲ್. ಸರಾಸರಿ ಲಾಭ 4 ಲಕ್ಷ, ಮೂರು ವರ್ಷದ ಖರೀದಿ ಎಂದರೆ 12 ಲಕ್ಷ. ಪರೀಕ್ಷೆಯಲ್ಲಿ ನಾವು ಇದನ್ನು ಎರಡು ನಿಮಿಷದಲ್ಲಿ ಮಾಡುತ್ತೇವೆ. ಆದರೆ ಪಾಠದಲ್ಲಿ ಇನ್ನೊಂದು ನಿಯಮ ಇದೆ. ಹಣ ಕೊಟ್ಟು ಕೊಂಡ ಗುಡ್‌ವಿಲ್ಲನ್ನು ಮಾತ್ರ ಪುಸ್ತಕದಲ್ಲಿ ಬರೆಯಬಹುದು, ತಾನೇ ಗಳಿಸಿದ್ದನ್ನು ಬರೆಯುವಂತಿಲ್ಲ. ಕಟ್ಟಡ, ಪೀಠೋಪಕರಣ, ಲಿಫ್ಟ್ ಎಲ್ಲ ಬ್ಯಾಲೆನ್ಸ್ ಶೀಟಿನಲ್ಲಿ ಇರುತ್ತವೆ, ವರ್ಷ ವರ್ಷ ಸವಕಳಿಯಾಗಿ ಇಳಿಯುತ್ತವೆ. ಆ ರಾತ್ರಿ ಫೋನಿನ ಮುಂದೆ ಹಿಂತಿರುಗಿ ಬಂದು ಕೂತವರು ಗಳಿಸಿಕೊಟ್ಟ ಹೆಸರು ಯಾವ ಕಾಲಮ್ಮಿನಲ್ಲೂ ಇಲ್ಲ.

2017ರಲ್ಲಿ ತಾಜ್ ಕಟ್ಟಡದ ರೂಪಕ್ಕೇ ಟ್ರೇಡ್‌ಮಾರ್ಕ್ ಸಿಕ್ಕಿತು. ಭಾರತದಲ್ಲಿ ಒಂದು ಕಟ್ಟಡದ ರೂಪಕ್ಕೆ ಹೀಗೆ ಸಿಕ್ಕಿದ್ದು ಅದೇ ಮೊದಲು. ಅನುಮತಿ ಇಲ್ಲದೆ ಯಾರೂ ಆ ಗುಮ್ಮಟದ ಚಿತ್ರವನ್ನು ತಮ್ಮ ವ್ಯಾಪಾರಕ್ಕೆ ಬಳಸುವಂತಿಲ್ಲ. ಗುಮ್ಮಟವನ್ನು ಕಾನೂನು ಕಾಯುತ್ತದೆ. ಒಳಗಿನ ಹೆಸರನ್ನು ಕಾಯುವವರು ಕೆಲಸಗಾರರೇ.

ಅಂಥ ಕೆಲಸಗಾರರು ಎಲ್ಲಿಂದ ಬಂದರು? ಹಾರ್ವರ್ಡ್ ಅಧ್ಯಯನದ ಈ ಭಾಗವನ್ನು ನನ್ನ ಸ್ನೇಹಿತರು ಗಮನವಿಟ್ಟು ಓದಬೇಕು. ತಾಜ್‌ನವರು ಜನರನ್ನು ಹುಡುಕಲು ಮಹಾನಗರಗಳಿಗಿಂತ ಚಿಕ್ಕ ಊರುಗಳಿಗೆ ಹೋಗುತ್ತಿದ್ದರು. ನಮ್ಮ ರಾಜ್ಯದಲ್ಲಿ ಬೆಂಗಳೂರು ಬಿಟ್ಟು ಮೈಸೂರು, ಮಣಿಪಾಲಕ್ಕೆ. ಅವರು ನೋಡುತ್ತಿದ್ದುದು ಹಿರಿಯರ ಬಗ್ಗೆ, ಗುರುಗಳ ಬಗ್ಗೆ ಗೌರವ ಇದೆಯೇ, ಕಷ್ಟದಲ್ಲೂ ಮುಖದಲ್ಲಿ ನಗು ಇದೆಯೇ, ಮನೆಗೆ ಈ ಸಂಬಳ ನಿಜವಾಗಿ ಬೇಕಾಗಿದೆಯೇ ಎಂಬುದನ್ನು. ಬೇರೆ ಹೋಟೆಲ್‌ಗಳು 12 ತಿಂಗಳು ತರಬೇತಿ ಕೊಟ್ಟರೆ ಇವರು 18 ತಿಂಗಳು ಕೊಡುತ್ತಿದ್ದರು. ಒಬ್ಬ ಅತಿಥಿ 24 ಗಂಟೆಯಲ್ಲಿ ಕೆಲಸಗಾರರನ್ನು 40ರಿಂದ 45 ಬಾರಿ ಎದುರಾಗುತ್ತಾನೆ, ಹೆಚ್ಚಿನ ಸಲ ಮೇಲಧಿಕಾರಿ ಪಕ್ಕದಲ್ಲಿ ಇರುವುದಿಲ್ಲ. ಆದ್ದರಿಂದ ಒಬ್ಬರೇ ಇರುವಾಗಲೂ ಸರಿಯಾಗಿ ನಡೆದುಕೊಳ್ಳುವವರು ಬೇಕು. ಇದಕ್ಕೆ ಮಾರ್ಕ್ಸ್ ಕಾರ್ಡ್ ಸಾಲದು.

ನಮ್ಮ ಮನೆಗಳ ಮಾತು

ನಮ್ಮ ಮನೆಗಳಲ್ಲಿ ಮೆಹಮಾನ್‌ನವಾಜಿಯನ್ನು ದೊಡ್ಡ ಗುಣವೆಂದು ಹೇಳುತ್ತೇವೆ. ಅತಿಥಿ ಬಂದರೆ ದಸ್ತರ್‌ಖಾನ್ ಹಾಸಿ, ಇದ್ದದ್ದರಲ್ಲಿ ಒಳ್ಳೆಯದನ್ನು ಅವರ ಮುಂದೆ ಇಟ್ಟು, ಕೈ ತೊಳೆಯಲು ನೀರು ಹಾಕುವ ಕೆಲಸವನ್ನು ಮಕ್ಕಳಿಗೆ ಕೊಡುತ್ತೇವೆ. ಅದೇ ಕೆಲಸವನ್ನು ಸಂಬಳಕ್ಕೆ ಮಾಡುವವನನ್ನು ಮಾತ್ರ "ಹೋಟೆಲ್ ಮೇ ಹೈ" ಎಂದು ದನಿ ತಗ್ಗಿಸಿ ಹೇಳುತ್ತೇವೆ. ನನ್ನ ದೊಡ್ಡ ಮಾಮೂ ಬಾವರ್ಚಿ. ಐನೂರು ಜನರ ದಾವತ್ತಿಗೆ ಎಷ್ಟು ಅಕ್ಕಿ, ಎಷ್ಟು ಮಾಂಸ ಬೇಕು ಎಂದು ಕಾಗದ ಇಲ್ಲದೆ ಹೇಳುತ್ತಾರೆ, ಕೊನೆಯ ಪಂಕ್ತಿಯವರೆಗೂ ದೇಗ್ ಖಾಲಿಯಾಗುವುದಿಲ್ಲ. ಅವರ ಮಗಳಿಗೆ ರಿಷ್ತಾ ಬಂದಾಗ ಮನೆಯವರು ಹೇಳಿದ್ದು "ಕೇಟರಿಂಗ್ ಬಿಸಿನೆಸ್" ಎಂದು. ಬಾವರ್ಚಿ ಎಂಬ ಪದ ಯಾರ ಬಾಯಿಂದಲೂ ಬರಲಿಲ್ಲ.

ನನಗೆ ಪಿಯುಸಿ ಆದ ಮೇಲೆ ಹೋಟೆಲ್ ಮ್ಯಾನೇಜ್‌ಮೆಂಟ್ ಓದುವ ಆಸೆ ಇದೆ. ಅಬ್ಬಾ ಬಿ.ಕಾಂ. ಮಾಡು, ಬ್ಯಾಂಕ್ ಪರೀಕ್ಷೆ ಬರೆ ಎನ್ನುತ್ತಾರೆ. ಅವರು ನನ್ನ ಒಳ್ಳೆಯದಕ್ಕೇ ಹೇಳುತ್ತಾರೆಂದು ಗೊತ್ತು. ಮಾತುಕತೆ ಇನ್ನೂ ನಡೆಯುತ್ತಿದೆ. ಜಮ್‌ಶೆಡ್‌ಜಿಯಂಥ ಶ್ರೀಮಂತರ ಮನೆಯಲ್ಲೇ ಈ ಮಾತು ಬಂದಿದ್ದರೆ ನಮ್ಮ ಮನೆಯಲ್ಲಿ ಬರುವುದು ಆಶ್ಚರ್ಯವಲ್ಲ.

ಇದೇ ಯೋಚನೆಯಲ್ಲಿರುವ ಸ್ನೇಹಿತರಿಗೆ ಒಂದು ಮಾಹಿತಿ. ಸರ್ಕಾರಿ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆಗಳ ಪ್ರವೇಶಕ್ಕೆ ಎನ್‌ಸಿಎಚ್‌ಎಂ ಜೆಇಇ ಎಂಬ ಪರೀಕ್ಷೆ ಇದೆ. ವಿಜ್ಞಾನವೇ ಆಗಬೇಕೆಂದಿಲ್ಲ, ಕಾಮರ್ಸ್, ಆರ್ಟ್ಸ್ ಓದಿದವರೂ ಬರೆಯಬಹುದು. ಪಿಯುಸಿಯಲ್ಲಿ ಇಂಗ್ಲಿಷ್ ಒಂದು ವಿಷಯವಾಗಿ ಇರಬೇಕು. ಅಂಥ ಒಂದು ಸಂಸ್ಥೆ ಬೆಂಗಳೂರಿನಲ್ಲೇ, ಶೇಷಾದ್ರಿ ರಸ್ತೆಯಲ್ಲಿದೆ. ಅರ್ಜಿಯ ಕೊನೆಯ ದಿನಾಂಕ ಪ್ರತಿ ವರ್ಷ ಬದಲಾಗುತ್ತದೆ, ಪ್ರಕಟಣೆ ಬಂದಾಗ ನೋಡಿಕೊಳ್ಳಿ.

ಎಲ್ಲರೂ ತಾಜ್‌ನಲ್ಲಿ ಉಳಿಯಲು ಆಗುವುದಿಲ್ಲ, ಎಲ್ಲರೂ ಅಲ್ಲಿ ಕೆಲಸ ಮಾಡಲೂ ಆಗುವುದಿಲ್ಲ. ಆದರೆ ನಮ್ಮ ಊರಿನ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಟೀ ತಂದಿಡುವ ಹುಡುಗನಿಗೆ ಒಂದು ಶುಕ್ರಿಯಾ ಹೇಳಲು ನಮಗೆ ಯಾವ ಖರ್ಚೂ ಇಲ್ಲ. ಅವನ ಅಂಗಡಿಯ ಗುಡ್‌ವಿಲ್ ಇರುವುದು ಅವನ ಕೈಯಲ್ಲಿ.